ಮೋಟಾರಿನ ಬೆಳಕಿಂಡಿ

ಅಕ್ಕಲಕೋಟ ದಾಟಿ ವಾಗದರಿಯ ಹಾದಿ ಹಿಡಿದಿದ್ದೆವಷ್ಟೇ, ನಮ್ಮ ಮೋಟಾರಿನ ಬಾನೆಟ್ಟಿನ ಸಂದುಗಳಿಂದ ಬಿಳಿಯ ಹಬೆ ಎದ್ದಿತು. ಅದರ ಆಚೆ ಜೋಳದ ಹೊಲವೆಲ್ಲ ನೀರಿನೊಳಗಿಂದ ಕಂಡಂತೆ ಅಲುಗುತ್ತಿತ್ತು. ಹಾಸಿಗೆ ಹಿಡಿದಿದ್ದ ತನ್ನ ಅಕ್ಕನನ್ನು ನೋಡಲು ಸೊಲ್ಲಾಪುರದಿಂದ ಹೊರಟಿದ್ದ ನಮ್ಮವ್ವ ಹಿಂದಿನ ಸೀಟಿನಲ್ಲಿ ಕೂತಿದ್ದಳು.

ಹೊಲದಲ್ಲಿದ್ದ ಮುದುಕಿಯೊಬ್ಬಳು ಕೊಡದಲ್ಲಿ ನೀರು ತಂದುಕೊಟ್ಟು, ಕಾದ ತಗಡನ್ನೇ ದಿಟ್ಟಿಸಿದಳು. "ಒಲಿ ಹಚ್ಚಿ ಬೆಳಕಿಂಡಿ ಮುಚ್ಚಿದ್ರ ಮನ್ಯಾಗ ಯಾರರ ಇರ್ತಾರೇನೋ ತಮ್ಮಾ?"

ಮಣ್ಣಿನ ಮಾಳಿಗೆಯ ಚಾವಣಿಯಲ್ಲಿ ಹೊಗೆ ಹೋಗಲು ಬಿಡುವ ಆ ಕಿಂಡಿಯ ಕೆಳಗೇ ನಾನು ಹುಟ್ಟಿ ಬೆಳೆದವನು. ಮೋಟಾರಿಗೂ ಅದು ಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಇಂಜಿನ್ ತುಸು ಆರಿದ ಮೇಲೆ ಬಾನೆಟ್ಟಿನ ಒಂದು ಮಗ್ಗುಲ ತಗಡನ್ನು ಬಿಚ್ಚಿ, ಕಂಬಳಿಯಲ್ಲಿ ಸುತ್ತಿ ಅವ್ವನ ತೊಡೆಯ ಮೇಲಿಟ್ಟೆ. ಕೂಸಿನಂತೆ ಬೆಚ್ಚಗಿದ್ದ ಅದನ್ನು ದಾರಿಯುದ್ದಕ್ಕೂ ಅವಳು ತಟ್ಟುತ್ತಲೇ ಇದ್ದಳು. ನಾವು ಹೋದಾಗ ದೊಡ್ಡವ್ವ ಕಣ್ಣು ತೆರೆದು ತಂಗಿಯ ಕೈ ಹಿಡಿದಳು. ತಗಡು ತಟ್ಟಿದ್ದ ಆ ಕೈ ಇನ್ನೂ ಬಿಸಿಯಾಗಿತ್ತು.

ಮುಂದೆ ಸೊಲ್ಲಾಪುರದ ಕಮ್ಮಾರನೊಬ್ಬ ಆ ತಗಡಿನಲ್ಲಿ ಉದ್ದುದ್ದ ಸೀಳು ಕೊರೆದ. ಬೆಳಕಿಂಡಿಯ ಮೇಲೆ ಒಡೆದ ಗಡಿಗೆಯನ್ನು ಗಾಳಿಗೆ ಬೆನ್ನು ಮಾಡಿ ಇಡುತ್ತೇವಲ್ಲ, ಹಾಗೆಯೇ ಒಂದೊಂದರ ಅಂಚನ್ನೂ ಮೇಲೆಬ್ಬಿಸಿದ.

ಅಂದಿನಿಂದ ಮೋಟಾರು ಕುದಿದಿಲ್ಲ. ಆದರೆ ಮಳೆಯ ಮೊದಲ ಹನಿ ಬಿದ್ದೊಡನೆ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು, ಗೋಣಿಚೀಲ ಹಿಡಿದು ಅಂಗಳಕ್ಕೆ ಓಡುತ್ತಾಳೆ: "ಬೆಳಕಿಂಡಿ ಮುಚ್ಚೋ, ಒಲಿ ಆರ್ತದ!"