ಪಾದದ ಸಾಕ್ಷಿ ಒಪ್ಪದ ಮೆರಿಲ್

ಬೆಂಡಿಗೋ ಪಟ್ಟಣಕ್ಕಿನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ಯಾಸ್ಕೋ ಕುಟುಂಬದ ಮನೆಯಲ್ಲಿ ಮೆರಿಲ್ ಹ್ಯಾಚರ್ ಆಗಲೇ ಕೆಲಸ ಶುರುಮಾಡಿದ್ದಾರೆ. ಎರಡು ವರ್ಷದ ಟೆಸ್ಸಿಯ ಬೆನ್ನಹಿಂದೆ ನಿಂತು ಅಜ್ಜಿ ಥೆಲ್ಮಾ ಹಲಗೆಯ ನೆಲಕ್ಕೆ ಧಡ್ಡೆಂದು ಕಾಲು ಕುಟ್ಟುತ್ತಾರೆ. ಮಗು ಥಟ್ಟನೆ ತಿರುಗುತ್ತದೆ.

“ನೋಡ್ದ್ಯಾ? ಕೇಳ್ಸುತ್ತೆ ಕಣೇ!”

ಅಜ್ಜಿ ಹೇಳಿದ್ದು ಕೈಸನ್ನೆಯಲ್ಲಿ. ಈ ಮನೆಯ ಮಾತೆಲ್ಲ ಹಾಗೇ. ಅಜ್ಜಿ, ಮಗಳು ಬ್ರೊನ್ವಿನ್, ಮೊಮ್ಮಗಳು, ಮೂವರಿಗೂ ಹುಟ್ಟಿನಿಂದ ಕಿವಿ ಕೇಳಿಸದು, ವಂಶದಲ್ಲೇ ಬಂದದ್ದು. ಟೆಸ್ಸಿಗೆ ಈಚೆಗೆ ಶಸ್ತ್ರಚಿಕಿತ್ಸೆ ಮಾಡಿಸಿ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿಯೊಳಗೆ ಶಬ್ದ ಮುಟ್ಟಿಸುವ ಯಂತ್ರ, ಹಾಕಿಸಿದ್ದಾರೆ. ಅದರಿಂದ ಕೇಳಿಸುತ್ತಿದೆಯೋ ಇಲ್ಲವೋ ನೋಡುವುದು, ಕೇಳುವುದನ್ನು ಕಲಿಸುವುದು ಮೆರಿಲ್ ಕೆಲಸ.

ಮೆರಿಲ್ ಅಷ್ಟಕ್ಕೇ ಹಿಗ್ಗುವವರಲ್ಲ. ಮಗುವನ್ನೆತ್ತಿ ಮೆತ್ತನೆ ಸೋಫಾದಲ್ಲಿ ಕೂರಿಸಿ, ಹಿಂದಿನಿಂದ ಕೂಗುತ್ತಾರೆ. ಟೆಸ್ಸಿ ಟೋಸ್ಟ್ ಕಚ್ಚುತ್ತಲೇ ಇದ್ದಾಳೆ. ಬ್ರೊನ್ವಿನ್ ಮುಖ ಬಾಡುತ್ತದೆ.

“ನೆಲ ಅದುರಿದ್ದು ಪಾದಕ್ಕೆ ಗೊತ್ತಾಯ್ತು, ಅಷ್ಟೇ. ಕಿವಿಗೆ ಏನೂ ಬಿದ್ದಿಲ್ಲ,” ಎನ್ನುತ್ತಾರೆ ಮೆರಿಲ್.

ಅವರೂ ಇಂಥದೇ ಮನೆಯ ಮಗಳು. “ನಂಗೆ ಇಂಪ್ಲಾಂಟ್ ಹಾಕ್ಸಿದಾಗ ನಮ್ಮನೇಲೂ ಹೀಗೇ ಕುಟ್ಟೋರು. ನಾನು ತಿರುಗ್ತಿದ್ದೆ, ಎಲ್ರಿಗೂ ಖುಷಿಯೋ ಖುಷಿ. ಯಂತ್ರ ಕೆಟ್ಟಿದೆ ಅಂತ ತಿಳಿಯೋ ಹೊತ್ಗೆ ಇಡೀ ಚಳಿಗಾಲ ನೀರಲ್ಲಿ ಹೋಮ ಆಗಿತ್ತು.”

ಆ ಚಳಿಗಾಲದ ಸಿಟ್ಟು ಇನ್ನೂ ಆರಿಲ್ಲ. ಅದೇ ಅವರನ್ನು ಮನೆಯಿಂದ ಮನೆಗೆ ಓಡಾಡಿಸುತ್ತಿದೆ. ‘ಕಿವಿ ಕೇಳೋರ ಪಕ್ಷ ಸೇರ್ಕೊಂಡ್ಲು’ ಎಂದು ಕಿವಿ ಕೇಳದ ಸ್ವಂತ ಗೆಳತಿಯರೇ ಹಂಗಿಸುತ್ತಾರಂತೆ.

“ಹಂಗಿಸ್ಲಿ ಬಿಡಿ. ಕೈಮಾತು ನಮ್ಮನೆ ಮಾತು, ಅದನ್ನ ಯಾರೂ ಬಿಡ್ಬೇಕಿಲ್ಲ. ಆದ್ರೆ ಮಗು ತಲೆ ಕೊಯ್ಸಿ ಹಾಕ್ಸಿದ್ಮೇಲೆ ಅದು ಕೇಳ್ಸಲೇಬೇಕು!”

ಟೆಸ್ಸಿಯ ತಲೆಗಂಟಿದ, ಇಂಪ್ಲಾಂಟಿನ ಹೊರಗಿನ ಬಿಲ್ಲೆಯನ್ನು ಬಿಡಿಸಿ ನೋಡಿದರೆ, ಅದರ ತಂತಿ ಹೊದಿಕೆಯೊಳಗೇ ತುಂಡಾಗಿದೆ. ಮೆರಿಲ್ ಹೊಸ ತಂತಿ ಸಿಕ್ಕಿಸುತ್ತಾರೆ. ಆಮೇಲೆ ಬ್ರೊನ್ವಿನ್ ಕಡೆ ಬೆರಳು ತೋರಿಸುತ್ತಾರೆ. “ಈ ಸಲ ನೀನು ಕೂಗು.”

ಬ್ರೊನ್ವಿನ್ ಹಿಂದೆ ಸರಿಯುತ್ತಾಳೆ. ಶಾಲೆಯಲ್ಲಿ ಮಕ್ಕಳು ಅವಳ ದನಿ ಅಣಕಿಸಿ ನಕ್ಕಿದ್ದರು. ಅಂದಿನಿಂದ ಅವಳು ಬಾಯಿ ತೆರೆದು ಯಾರನ್ನೂ ಕರೆದಿಲ್ಲ.

“ಬೇಡ ಮೆರಿಲ್. ಕತ್ತೆ ಅರಚಿದ ಹಾಗಿರುತ್ತಂತೆ.”

“ಇರ್ಲಿ. ಅಮ್ಮನ ದನಿ ತಾನೆ? ಕೂಗೇ!”

ಬ್ರೊನ್ವಿನ್ ಸೋಫಾದ ಹಿಂದೆ ನಿಂತು, ಕಣ್ಣು ಮುಚ್ಚಿ ಮಗಳ ಹೆಸರು ಕೂಗುತ್ತಾಳೆ. ಒರಟು, ಒಡಕು ದನಿ. ಟೆಸ್ಸಿ ಟೋಸ್ಟ್ ಕಚ್ಚುವುದನ್ನು ಗಕ್ಕನೆ ನಿಲ್ಲಿಸುತ್ತಾಳೆ, ತಿರುಗುತ್ತಾಳೆ, ಅಮ್ಮನ ಬಾಯನ್ನೇ ದಿಟ್ಟಿಸುತ್ತಾಳೆ.

ಥೆಲ್ಮಾ ಅಜ್ಜಿ ಮಗಳ ತೋಳು ಹಿಡಿದು ಅಲುಗಿಸುತ್ತಾರೆ. ಬ್ರೊನ್ವಿನ್ ಕಣ್ಣು ತೆರೆದು ಮೆರಿಲ್ ಕಡೆ ತಿರುಗಿ ಕೈಸನ್ನೆ ಮಾಡುತ್ತಾಳೆ. “ಹೇಗಿತ್ತು, ನನ್ನ ದನಿ?”

“ನನ್ನನ್ಯಾಕೆ ಕೇಳ್ತೀಯ?” ಎನ್ನುತ್ತಾರೆ ಮೆರಿಲ್. “ಅವಳು ಕಾಯ್ತಿದ್ದಾಳೆ ನೋಡು, ಇನ್ನೊಂದ್ಸಲ ಕೂಗು.”