ನೀರಿನ ಕಡೆಯ ಕಿಟಕಿ

ಸರೋವರದ ದಡದ ಸಾನ್ ವೆನೆರಿಯೊ ಊರಿಗೆ ಹಡಗಿನಲ್ಲಿ ಬಂದಿಳಿಯುವವರು ಮೊದಲು ಕತ್ತೆತ್ತಿ ನೋಡುವುದು ಪಾದ್ರಿಗಳ ಮನೆಯನ್ನು. ಅಲ್ಲಿ ಪಾದ್ರಿಗಳು ಇದ್ದದ್ದು ಯಾವ ಕಾಲದಲ್ಲೋ. ಈಗಿರುವುದು ನಾಲ್ಕು ಸಂಸಾರ, ಸೋರುವ ಮಾಡು, ಮೂರನೇ ಮಹಡಿಯಲ್ಲಿ ಎರ್ಸಿಲಿಯಾ. ಮುಂಗೋಡೆಯ ಅಮೃತಶಿಲೆಯ ಕಂಬಗಳೆಲ್ಲ ಬರೀ ಬಣ್ಣ. ಕಿಟಕಿಗಳಲ್ಲೂ ಕೆಲವು ನಿಜ, ಕೆಲವು ಬಣ್ಣ. ಎಡಕ್ಕೊಂದು ಕಿಟಕಿ ಇದ್ದರೆ ಬಲಕ್ಕೂ ಒಂದು ಇರಲೇಬೇಕೆಂದು ಹಳೇ ಯಜಮಾನರ ಹಟ. ಗೋಡೆ ಒಡೆಸುವುದಕ್ಕಿಂತ ಚಿತ್ರ ಬರೆಸುವುದು ಅಗ್ಗ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಬುದ್ಧಿ ಎಲ್ಲ ದೇಶದಲ್ಲೂ ಇದೆ.

ಎರ್ಸಿಲಿಯಾ ಬೊತ್ತಿನೆಲ್ಲಿ ಪ್ರಾಯವೆಲ್ಲ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆದು ಕಳೆದವಳು. ಮದುವೆಯಾಗಲಿಲ್ಲ. ಮಂಡಿ ಕೈಕೊಟ್ಟ ಮೇಲೆ ಮೆಟ್ಟಿಲಿಳಿಯುವುದೂ ಅಪರೂಪವಾಯಿತು. ಅಡುಗೆಮನೆಗೆ ಒಂದೇ ಕಿಟಕಿ, ಅದು ಸರೋವರದ ಕಡೆಗೆ. ಮಲಗುವ ಕೋಣೆಯದು ತೆರೆದರೆ ಒಳ ಅಂಗಳ, ಕಸದ ಡಬ್ಬಿ, ಬೆಕ್ಕಿನ ಜಗಳ. ಹಾಗಾಗಿ ಅವಳು ಅಡುಗೆಮನೆಯಲ್ಲೇ ಕೂತು ಅವರೆ ಸುಲಿಯುತ್ತ, ಆಚೆ ದಡದ ಬೆಟ್ಟದ ಮೇಲೆ ಮೋಡ ಕೂತಿದೆಯೋ ಎದ್ದಿದೆಯೋ ನೋಡುತ್ತ ದಿನ ಕಳೆಯುವಳು. ಕೆಳಗೆ ಮಾರ್ಗದರ್ಶಿ ಪ್ರವಾಸಿಗಳಿಗೆ, "ಇದರಲ್ಲಿ ಸುಳ್ಳು ಕಿಟಕಿ ಯಾವುದು ಹೇಳಿ ನೋಡೋಣ" ಎಂದಾಗ ಯಾರಾದರೂ ಇವಳ ಕಿಟಕಿಗೆ ಬೆರಳು ತೋರಿಸಿದರೆ ತಲೆ ಹೊರಹಾಕಿ, "ನಾನು ಬಣ್ಣ ಅಲ್ಲ ಕಣ್ರಪ್ಪಾ, ಜೀವ ಇದೆ ಇನ್ನೂ!" ಎಂದು ಕೂಗುವಳು. ಅವರು ನಗುವರು. ಅಷ್ಟು ಸಾಕಿತ್ತು ಅವಳಿಗೆ.

ಆ ಕಿಟಕಿ ಕೂಡ ಹಿಂದೆ ಬಣ್ಣದ್ದೇ ಆಗಿತ್ತು. ಎರ್ಸಿಲಿಯಾ ಹುಡುಗಿಯಾಗಿದ್ದಾಗ ತಾಯಿಗೆ ಎದೆಯ ಕಾಯಿಲೆ ಬಂತು. ಗಾಳಿ ಬೇಕು ಎಂದರು ಡಾಕ್ಟರು. ಕಲ್ಲುಕುಟಿಗನಾಗಿದ್ದ ಅಪ್ಪ ಅಂಬ್ರೋಜೊ ಅರ್ಜಿ ಗಿರ್ಜಿ ಎಂದು ಕೂರಲಿಲ್ಲ. ಊರ ಸಂತನ ಹಬ್ಬದಂದು, ಗಂಟೆಯೂ ವಾದ್ಯವೂ ಬೀದಿ ತುಂಬಿದ್ದಾಗ, ಸುತ್ತಿಗೆಯ ಸದ್ದು ಯಾರಿಗೂ ಕೇಳದಂತೆ ಆ ಸುಳ್ಳು ಕಿಟಕಿಯನ್ನು ಒಡೆದು ನಿಜ ಮಾಡಿದ. ಮಗಳು ಮಡಿಲಲ್ಲಿ ಕಲ್ಲು ಹೊತ್ತಳು. ತಾಯಿ ಆಮೇಲೆ ಬದುಕಿದಷ್ಟು ದಿನವೂ ಅಲ್ಲೇ ಕೂತು ನೀರು ನೋಡಿದಳು.

ಎರ್ಸಿಲಿಯಾಗೆ ಒಬ್ಬ ತಮ್ಮ, ಫೆರ್ಮೊ. ಗೋಡೆಯ ಮೇಲೆ ಇಲ್ಲದ್ದನ್ನು ಇದೆ ಎನ್ನಿಸುವ ಚಿತ್ರಗಾರ. ಸುಳ್ಳು ಕಿಟಕಿ, ಸುಳ್ಳು ಕಂಬ, ಸುಳ್ಳು ಬಳ್ಳಿ. ಕೈ ಬಂಗಾರದ್ದು, ಆದರೆ ಅದಕ್ಕೆ ಸಿಕ್ಕಿದ್ದು ಹೋಟೆಲಿನ ಬಚ್ಚಲು, ಐಸ್‌ಕ್ರೀಮ್ ಅಂಗಡಿಯ ಬೋರ್ಡು. ಹೆಣ್ಣುಮಗಳು ಮದುವೆಯಾಗಿ ಹೋಗುತ್ತಾಳೆಂದು ಅಂಬ್ರೋಜೊ ಮೂರನೇ ಮಹಡಿಯ ತನ್ನ ಮನೆಯನ್ನು ಮಗನ ಹೆಸರಿಗೆ ಬರೆದಿದ್ದ. ಮಗ ಮದುವೆಯಾಗಿ ಬೇರೆಡೆ ಹೋದ. ಮಗಳು ಅಲ್ಲೇ ಉಳಿದಳು. ಭಾನುವಾರ ಅವನು ಅಕ್ಕನ ಕೈಯ ಮೀನಿನ ಅನ್ನ ಉಣ್ಣಲು ಬರುವನು. ಹೆಸರಿನ ಮಾತು ಯಾರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ಊರಿನ ಅಂದಕ್ಕೆಂದು ಒಂದು ಸಮಿತಿ ಹುಟ್ಟಿಕೊಂಡಿತು. ಮುಂಗೋಡೆ ಮೊದಲಿನಂತೆ ಆದರೆ ಮಾಡಿನ ರಿಪೇರಿಯನ್ನೂ ತಾವೇ ಮಾಡಿಸುತ್ತೇವೆ ಎಂದಿತು. ನೋಡಲು ಬಂದವನು ದಲ್ಮಾಸ್ಸೊ ಎಂಬ ಎಳೆಯ ವಾಸ್ತುಶಿಲ್ಪಿ. ಬಂದದ್ದು ಭಾನುವಾರವೇ, ಫೆರ್ಮೊ ಇದ್ದಾಗಲೇ.

"ಚಂದದ ಕಿಟಕಿ, ಸಿನ್ಯೋರಾ. ತುಂಬ ಹಳೇದಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಕೆಳಮನೆಯವರು ಹಾಗೇ ಹೇಳು ಎಂದು ಹೇಳಿಕೊಟ್ಟಿದ್ದರು ಕೂಡ. ಆದರೆ ಅಪ್ಪನ ಕೈಕೆಲಸವನ್ನು ಯಾವನೋ ಸತ್ತ ಪಾದ್ರಿಯ ಲೆಕ್ಕಕ್ಕೆ ಬರೆಯಲು ಎರ್ಸಿಲಿಯಾಗೆ ಮನಸ್ಸು ಒಪ್ಪಲಿಲ್ಲ.

"ಹಳೇದಾ? ನಮ್ಮಪ್ಪ ಒಡೆದದ್ದು ಸ್ವಾಮಿ! ಮುಂಚೆ ಇಲ್ಲಿ ಬರೀ ಚಿತ್ರ ಇತ್ತು. ಕಿಟಕೀಲಿ ಒಬ್ಬ ಹೆಂಗಸು, ಕೈಯಲ್ಲಿ ಬೀಸಣಿಗೆ. ಅಪ್ಪ ಒಂದೇ ದಿನಕ್ಕೆ ಅವಳನ್ನ ಓಡಿಸಿಬಿಟ್ಟ."

ಫೆರ್ಮೊ ಮೇಜಿನ ಕೆಳಗೆ ಅವಳ ಕಾಲು ತುಳಿದ. ಹೊತ್ತು ಮೀರಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದಲ್ಮಾಸ್ಸೊ ಗೋಡೆಯನ್ನು ಸತ್ತವರನ್ನು ಮುಟ್ಟುವಂತೆ ಮೆತ್ತಗೆ ಮುಟ್ಟಿ, "ಅಂದರೆ ಇಲ್ಲೊಂದು ಚಿತ್ರ ಹಾಳಾಗಿದೆ" ಎಂದ. ಅದನ್ನು ಮತ್ತೆ ಬರೆಸಬೇಕು, ಕಿಟಕಿ ಮುಚ್ಚಬೇಕು, ಯಜಮಾನರ ಒಪ್ಪಿಗೆ ಬೇಕು ಎಂದು ಹೇಳಿ ಹೋದ.

"ನಿನ್ನ ಬಾಯಿಗೆ ಬೀಗ ಹಾಕ" ಎಂದ ಫೆರ್ಮೊ. "ಕೇಳಿದಷ್ಟು ಹೇಳಕ್ಕಾಗಲ್ವಾ ನಿಂಗೆ?"

"ಅಪ್ಪನ ವಿಷ್ಯದಲ್ಲಿ ಸುಳ್ಳು ಹೇಳ್ಲಾ?"

"ಆಯ್ತು, ಅಳಬೇಡ ಎರ್ಸಿ. ಯಜಮಾನ ನಾನು ತಾನೇ? ನಾನು ಒಪ್ಪದೆ ಯಾರು ಇಟ್ಟಿಗೆ ಇಡ್ತಾರೆ ನೋಡೇಬಿಡ್ತೀನಿ."

ಆ ಮಾತನ್ನು ಅವಳು ದೇವರ ಮಾತೆಂದು ನಂಬಿದಳು. ಮಾಡಿನ ಆಸೆಗೆ ಬಿದ್ದಿದ್ದ ನೆರೆಯವರು ಮುಖ ಗಂಟಿಕ್ಕಿದರೂ ನಗುತ್ತಲೇ ಇದ್ದಳು. ಆದರೆ ಸಮಿತಿಯವರು ಫೆರ್ಮೊನನ್ನು ಕರೆಸಿ, ಇಡೀ ಮುಂಗೋಡೆಯನ್ನು ನೀನೇ ಬರೆಯಬಹುದಲ್ಲ ಎಂದರು. ಕಂಬ, ಹೂದಾನಿ, ಕಿಟಕಿ, ಎಲ್ಲ. ಹಡಗಿಳಿದ ಪ್ರತಿಯೊಬ್ಬನೂ ನೋಡುವ ಗೋಡೆ. ಜನ್ಮವಿಡೀ ಬಚ್ಚಲಲ್ಲಿ ಬಳ್ಳಿ ಬರೆದವನಿಗೆ ಈ ಮಾತು ತಲೆಗೇರಿತು. ಅವನು ಒಪ್ಪಿದ. ಅಕ್ಕನಿಗೆ ಹೇಳಲಿಲ್ಲ. ಗಾರೆಯವನು ಇಟ್ಟಿಗೆ ಹೊತ್ತು ಬಂದಾಗಲೇ ಅವಳಿಗೆ ತಿಳಿದದ್ದು. ಬೇಲಿಯೇ ಹೊಲ ಮೇಯ್ದಿತ್ತು.

ಅಟ್ಟಣಿಗೆ ಏರಿ ಅವನು ಬರೆಯುವ ಸದ್ದು ಅವಳಿಗೆ ಗೋಡೆಯ ಈಚೆಯಿಂದ ಕೇಳುತ್ತಿತ್ತು. ಅಟ್ಟಣಿಗೆ ಬಿಚ್ಚಿದ ದಿನ ಕೆಳಗೆ ಚಪ್ಪಾಳೆಯೂ ಕೇಳಿತು. ಅದಾದ ಭಾನುವಾರ ಫೆರ್ಮೊ ಊಟಕ್ಕೆ ಬಂದ. ನಡುಹಗಲಲ್ಲಿ ದೀಪ ಹಚ್ಚಿಕೊಂಡು ಅವಳು ಅಡುಗೆ ಮಾಡಿದ್ದಳು. ಬಡಿಸಿದಳು. ಅವನು ತಲೆ ಬಗ್ಗಿಸಿ ಉಂಡ.

"ಮಾಡು ಸೋರಲ್ಲ ಇನ್ನು" ಎಂದ. "ಅಷ್ಟಕ್ಕೂ ಬಾಯಿಬಿಟ್ಟವಳು ನೀನೇ."

"ಹೂಂ, ನಾನೇ. ಏನು ಬರೆದೆ ಅಲ್ಲಿ?"

"ಹಳೇ ಥರಾನೇ. ಅರ್ಧ ತೆರೆದ ಕಿಟಕಿ ಬಾಗಿಲು, ಬೀಸಣಿಗೆ ಹಿಡಿದ ಹೆಂಗಸು." ಅವನ ದನಿ ಮೆತ್ತಗಾಯಿತು. "ಮುಖ ಅಮ್ಮಂದು ಬರೆದೆ, ಎರ್ಸಿ. ನಿಂಗೆ ಸಂತೋಷ ಆಗ್ಲಿ ಅಂತ."

ಎರ್ಸಿಲಿಯಾ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

"ನೀರು ನೋಡ್ತಾಳಾ?"

ಫೆರ್ಮೊ ಚಮಚ ಕೆಳಗಿಟ್ಟ. "ಇಲ್ಲ. ಕೆಳಗೆ ನೋಡ್ತಾಳೆ. ಬಂದವರ ಮುಖ ನೋಡಿ ನಗೋ ಹಾಗೆ ಇರಲಿ ಅಂದ್ರು ಸಮಿತಿಯವರು."

"ಅಮ್ಮ ಅಲ್ಲಿ ಕೂತದ್ದು ಉಸಿರಾಡೋಕೆ ಕಣೋ" ಎಂದಳು. ಅವಳಿಗೆ ಅಳು ಬರಲಿಲ್ಲ, ಹೇಸಿಗೆಯಾಯಿತು. "ಹೋಗ್ಲಿ ಬಿಡು. ಊರಿಗೆ ತೋರಿಸೋಕೆ ಈ ಮನೇಲಿ ಒಬ್ಬಳು ಹೆಂಗಸು ಬೇಕಿತ್ತು, ಸಿಕ್ಕಳು. ನಾನು ಹೊರಡ್ತೀನಿ."

ಬೆಟ್ಟದ ಹಿಂದೆ ಸನ್ಯಾಸಿನಿಯರು ನಡೆಸುವ ಮುದುಕರ ಮನೆಗೆ ಹೋದಳು. ಅಲ್ಲಿಂದ ಸರೋವರ ಕಾಣುವುದಿಲ್ಲ. ಹೊರಟ ದಿನ ಗಂಟು ಹೊತ್ತು ಮೆಟ್ಟಿಲಿಳಿಸಿದವನು ಫೆರ್ಮೊನೇ, ಅವಳು ಬೇಡವೆನ್ನಲಿಲ್ಲ. ಬಾಗಿಲಲ್ಲಿ ಜನ ಗೋಡೆ ನೋಡುತ್ತ ನಿಂತಿದ್ದರು. ಫೆರ್ಮೊ, "ಒಂದ್ಸಲ ಮೇಲೆ ನೋಡು ಎರ್ಸಿ" ಎಂದು ಬೇಡಿದ. ಅವಳು ಗಂಟನ್ನು ಅವನ ಕೈಯಿಂದ ತೆಗೆದುಕೊಂಡು, ಪರಊರಿನ ಕೂಲಿಯವನಿಗೆ ಹೇಳುವಂತೆ, "ಉಪಕಾರವಾಯ್ತು ಸ್ವಾಮಿ" ಎಂದು ಹೇಳಿ ಬಸ್ಸಿನ ಕಡೆ ನಡೆದಳು.