ಹಿಂದಿನ ಕೋಣೆಗೆ ಬಾರದ ವೈಫೈ

ಗಂಟಲಿನ ಆಪರೇಶನ್ ಆದ ಮೇಲೆ ನಮ್ಮ ಮನೆಯವರಿಗೆ ಫೋನು ಉಪಯೋಗವಿಲ್ಲದ ವಸ್ತುವಾಯಿತು. ಬೈಲಹೊಂಗಲದಿಂದ ಸವದತ್ತಿಗೆ, ಅಲ್ಲಿಂದ ಉಗರಗೋಳಕ್ಕೆ ಟೆಂಪೊ ಓಡಿಸುತ್ತಿದ್ದವರು ಅವರು. ತಂಬಾಕು ಬಿಡಿರೆಂದು ನಾನು ಹೇಳಿದ್ದಕ್ಕೆ ಲೆಕ್ಕವಿಲ್ಲ. ಬೆಳಗಾವಿಯ ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆದು, ಕುತ್ತಿಗೆಯಲ್ಲಿ ಒಂದು ತೂತು ಮಾಡಿ ಕಳಿಸಿದರು. ಉಸಿರು ಅಲ್ಲಿಂದಲೇ ಹೋಗಿ ಬರುತ್ತಿತ್ತು. ಮಾತು ಮುಗಿದಿತ್ತು.

ಒಬ್ಬಳೇ ಮಗಳು ಮಸ್ಕತ್ತಿನಲ್ಲಿದ್ದಳು. ಅಳಿಯ ಅಲ್ಲಿ ಲಾರಿ ಮೆಕ್ಯಾನಿಕ್. ಅವಳು ಚೊಚ್ಚಲ ಬಸುರಿ, ಹಾಸಿಗೆ ಬಿಟ್ಟು ಏಳಬಾರದು, ವಿಮಾನವಂತೂ ಹತ್ತಲೇಬಾರದು ಎಂದು ಅಲ್ಲಿಯ ಡಾಕ್ಟರರು ಹೇಳಿದ್ದರು. ಅವಳ ಫೋನು ಬಂದರೆ ಇವರು ಕಿವಿಗೆ ಹಿಡಿದುಕೊಳ್ಳುತ್ತಿದ್ದರು. "ಅಪ್ಪಾ, ಕೇಳಾಕತ್ತೈತೇನು? ಅಪ್ಪಾ?" ಎಂದು ಅವಳು ಕೂಗುವುದು ನನಗೂ ಕೇಳಿಸುತ್ತಿತ್ತು. ಇವರು ಬೆರಳಿನಿಂದ ಫೋನಿನ ಬೆನ್ನನ್ನು ಟಕ್ ಟಕ್ ಎಂದು ಬಡಿಯುತ್ತಿದ್ದರು. ಒಂದು ದಿನ ಫೋನನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ಹೊರಳಿ ಮಲಗಿದರು. ಆಮೇಲೆ ಅದನ್ನು ಮುಟ್ಟಲಿಲ್ಲ.

ಅಳಿಯ ಒಳ್ಳೆಯವನು. ರಜೆಗೆ ಬರುತ್ತಿದ್ದ ರಾಮದುರ್ಗದ ಒಬ್ಬರ ಕೈಯಲ್ಲಿ ತಾನು ಬಳಸಿದ ಲ್ಯಾಪ್‌ಟಾಪ್ ಕಳಿಸಿದ. ಅದರಲ್ಲಿ ಕ್ಯಾಮೆರಾ ಇತ್ತು. ಮಗಳು ಮಾತಾಡಿದರೆ ಇವರು ಮುಖ ನೋಡುತ್ತ ಉತ್ತರ ಟೈಪ್ ಮಾಡಬಹುದು ಎಂದು ಅವನ ಯೋಚನೆ. ಗಾಡಿ ನಂಬರು ಓದುವಷ್ಟು ಇಂಗ್ಲಿಷ್ ಅಕ್ಷರ ಇವರಿಗೆ ಬರುತ್ತಿತ್ತು. ಅದೇ ಅಕ್ಷರಗಳಲ್ಲಿ ಕನ್ನಡ ಬರೆಯುವುದನ್ನು ಒಂದು ವಾರದಲ್ಲಿ ಕಲಿತರು. ಆ ವಾರ ಅವರು ಸರಿಯಾಗಿ ಊಟ ಮಾಡಿದರು. ಇನ್ನು ಬೇಕಾದದ್ದು ನೆಟ್ ಒಂದೇ. ಆಗಿನ ಮೊಬೈಲ್ ನೆಟ್ಟಿನಲ್ಲಿ ಅಕ್ಷರ ಬರುವುದೇ ಕಷ್ಟ, ಮುಖ ಎಲ್ಲಿಂದ ಬರಬೇಕು?

ಮನೆಗೆ ನೆಟ್ ಬರಬೇಕಾದದ್ದು ತಂತಿಯ ಫೋನಿನಿಂದ, ಅದು ಭಾವನ ಹೆಸರಿನಲ್ಲಿತ್ತು. ಭಾವನೆಂದರೆ ನಮ್ಮ ಮನೆಯವರ ಅಣ್ಣ, ಕಾಳಿನ ದಲಾಲಿ. ಬರೆಯುವಾಗ ಅವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಬಾಯಲ್ಲಿ ಎಂದೂ ಹಾಗೆ ಅಂದಿಲ್ಲ. ಮುಂದಿನ ಪಡಸಾಲೆ ಅವನದು. ಅವನು ಅಲ್ಲಿ ಕುಳಿತಿದ್ದರೆ ಮನೆಯ ಹೆಂಗಸರು ಹೊಸ್ತಿಲು ದಾಟುವಂತಿಲ್ಲ. ಭಾವನ ಎದುರು ನಿಂತು ಮಾತಾಡುವ ರೂಢಿಯೂ ನಮ್ಮಲ್ಲಿಲ್ಲ. ನಾನು ಹೇಳಬೇಕಾದದ್ದನ್ನು ಅಷ್ಟು ವರ್ಷ ನಮ್ಮ ಮನೆಯವರೇ ಹೋಗಿ ಹೇಳುತ್ತಿದ್ದರು. ಅವರ ಗಂಟಲು ಹೋದಾಗ ಆ ಮನೆಯಲ್ಲಿ ನನ್ನ ಮಾತೂ ಹೋಯಿತು.

ಭಾವನ ಹೆಂಡತಿ, ನನ್ನ ನೆಗೆಣ್ಣಿಯ ಬಾಯಿಂದ ಹೇಳಿಸಿದೆ. ಭಾವ ಒಪ್ಪಿದ. ತಮ್ಮನ ಮೇಲಿನ ಪ್ರೀತಿಯಿಂದ ಒಪ್ಪಿದನೆಂದು ನಾನು ನಂಬುವುದಿಲ್ಲ. ಓಣಿಯಲ್ಲಿ ಮೊದಲು ಫೋನು ಬಂದದ್ದು ಅವನ ಮನೆಗೆ. ನೆಟ್ಟೂ ಮೊದಲು ಅಲ್ಲಿಗೇ ಬರಬೇಕಿತ್ತು.

ಬಜಾರಿನಲ್ಲಿ ಡಿಶ್ ಆಂಟೆನಾ, ಕಂಪ್ಯೂಟರ್ ಎರಡನ್ನೂ ಮಾರುವ ಒಂದು ಅಂಗಡಿ ಇತ್ತು. ಭಾವ ಒಳಗೆ ಕುರ್ಚಿಯಲ್ಲಿ ಕುಳಿತ, ನಾನೂ ನೆಗೆಣ್ಣಿಯೂ ಮೆಟ್ಟಿಲ ಮೇಲೆ ನಿಂತೆವು. ಅಂಗಡಿಯವನು ಒಂದೇ ಕೋಡಿನ ಬಿಳಿಯ ವೈಫೈ ಡಬ್ಬಿ ತೆಗೆದು ಮುಂದಿಟ್ಟ.

"ಇದ ಸಾಕ್ರಿ ಸಾವ್ಕಾರ್ರ. ಇಡೀ ಓಣಿ ಹೊಡಿತೈತಿ."

"ಮನಿ ದೊಡ್ಡದೈತ್ಪಾ," ಅಂದ ಭಾವ.

"ಎಷ್ಟ ದೊಡ್ಡದ ಇರಲಿ ಬಿಡ್ರಿ. ಕಿತ್ತೂರ ಕ್ವಾಟಿ ಏನಲ್ಲಲ್ಲಾ?"

ಇಬ್ಬರೂ ನಕ್ಕರು. ಗೋಡೆ ಎಂಥವು ಎಂದು ಅವನು ಕೇಳಲಿಲ್ಲ. ಕಲ್ಲು ಮಣ್ಣಿನ, ಎರಡು ಮೊಳ ದಪ್ಪದ ಗೋಡೆಗಳು ನಮ್ಮವು. ಪಡಸಾಲೆ, ನಡುಮನೆ, ದೇವರ ಕೋಣೆ, ಅಡುಗೆಮನೆ ದಾಟಿದ ಮೇಲೆ ಇವರು ಮಲಗುವ ಹಿಂದಿನ ಕೋಣೆ. ನೆಗೆಣ್ಣಿಯ ಕಿವಿಯಲ್ಲಿ ಹೇಳಿದೆ. ಅವಳು, "ಗಂಡಸರ ವ್ಯವಹಾರದಾಗ ನಮಗ್ಯಾಕವಾ," ಎಂದು ಸೆರಗು ಸರಿಮಾಡಿಕೊಂಡಳು.

ಅಂಗಡಿಯವನು ಬಂದು ಪಡಸಾಲೆಯ ಫೋನಿಗೆ ಡಬ್ಬಿ ಜೋಡಿಸಿದ. ಹಸಿರು ದೀಪ ಹತ್ತಿತು. ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮೇಲೆ ಸಿಗ್ನಲ್ಲಿನ ಒಂದು ಗೆರೆ ಮೂಡಿತು, ಮಾಯವಾಯಿತು, ಮತ್ತೆ ಮೂಡಿತು. ಇವರು ಎದ್ದು ಕುಳಿತರು. "ನಾಳೆ ತಾನ ಛಲೋ ಹಿಡಿತೈತ್ರಿ," ಎಂದು ಅವನು ಹೋದ. ಮರುದಿನ ಆ ಒಂದು ಗೆರೆಯೂ ಇರಲಿಲ್ಲ.

ಲ್ಯಾಪ್‌ಟಾಪನ್ನು ಎರಡೂ ತೋಳಿನ ಮೇಲೆ ಹೊತ್ತುಕೊಂಡು ಮನೆಯೆಲ್ಲ ತಿರುಗಿದೆ. ಅಡುಗೆಮನೆಯಲ್ಲಿಲ್ಲ, ನಡುಮನೆಯಲ್ಲಿಲ್ಲ. ಹಿತ್ತಲಿಗೂ ಹೋದೆ. ಪಕ್ಕದ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದ ಮುದುಕಿ ಬಗ್ಗಿ ನೋಡಿದಳು.

"ಏನವಾ, ಕೂಸಿಗೆ ಬಿಸಲ ಕಾಸಾಕತ್ತೀಯೇನು?"

ನನಗೆ ನಗು ಬರಲಿಲ್ಲ. ನಿಜವಾದ ಕೂಸು ಅದೇ ವಾರ ಮಸ್ಕತ್ತಿನಲ್ಲಿ ಹುಟ್ಟಿತ್ತು. ಹೆಣ್ಣುಮಗು. ಸುದ್ದಿ ಹೇಳಿದಾಗ ಇವರು ಬರೆಯಲು ಇಟ್ಟುಕೊಂಡಿದ್ದ ಪಾಟಿಯ ಮೇಲೆ, "ಮಾರಿ ಯಾರ್ಹಂಗ ಐತಿ?" ಎಂದು ಬರೆದು ತೋರಿಸಿದರು. ನಾನೇನು ಹೇಳಲಿ, ನಾನೂ ನೋಡಿರಲಿಲ್ಲ. ಅದರ ಹಿಂದಿನ ವಾರವೇ ಬೆಳಗಾವಿಯ ಡಾಕ್ಟರರು ನನ್ನನ್ನು ಹೊರಗೆ ಕರೆದು, ರೋಗ ಮತ್ತೆ ಬಂದಿದೆ, ಇನ್ನು ಕೊಯ್ಯಲು ಏನೂ ಉಳಿದಿಲ್ಲ ಎಂದಿದ್ದರು. ಇವರಿಗೆ ಯಾರೂ ಹೇಳಿರಲಿಲ್ಲ. ಹೇಳದೆಯೂ ಅವರಿಗೆ ಗೊತ್ತಿತ್ತೆಂದು ನನಗೆ ಗೊತ್ತಿತ್ತು.

ಅಂಗಡಿಯವನನ್ನು ಮತ್ತೆ ಕರೆಸಿದೆವು. ಅವನು ಬಂದಾಗ ಆ ಒಂದು ಗೆರೆ ಮತ್ತೆ ಬಂತು! ಅವನು ನನ್ನ ಕಡೆ ನೋಡಿ ಭಾವನಿಗೆ ಹೇಳಿದ: "ಮಾಲಿನಾಗ ಏನೂ ದೋಷ ಇಲ್ರಿ. ಹೆಣ್ಮಕ್ಕಳು ಏನರೆ ಒತ್ತಿರತಾರ. ಬೇಕಾದ್ರ ಎರಡ ಕೋಡಿಂದು ತಗೋರಿ, ಗ್ವಾಡಿ ಸೀಳಿಕೊಂಡ ಹೋಗತೈತಿ." ಎರಡು ಕೋಡಿನ ದೊಡ್ಡ ಡಬ್ಬಿಯೂ ಬಂತು. ಮೊದಲನೆಯದರ ಪಕ್ಕದಲ್ಲೇ ಅದನ್ನೂ ಜೋಡಿಸಿದ. ಅವನು ಇರುವವರೆಗೆ ಹಿಂದಿನ ಕೋಣೆಯಲ್ಲಿ ಎರಡು ಗೆರೆ. ಅವನು ಓಣಿ ದಾಟಿದ ಸ್ವಲ್ಪ ಹೊತ್ತಿಗೆ ಏನೂ ಇಲ್ಲ.

ಮಗಳು ಬಾಣಂತಿ ಹಾಸಿಗೆಯಿಂದ ನನ್ನ ಮೊಬೈಲಿಗೆ ಫೋನು ಮಾಡಿ ಅಳುತ್ತಿದ್ದಳು. ಅಳಿಯ ಫೋನು ಇಸಿದುಕೊಂಡ.

"ಅತ್ತೀ, ಡಬ್ಬಿ ಎಲ್ಲಿಟ್ಟಾರ?"

"ಪಡಸಾಲ್ಯಾಗ, ಫೋನಿನ ಹತ್ರ."

"ತೆರದ ಜಾಗಾದಾಗ ಐತಿಲ್ಲೋ? ಕಪಾಟಿನಾಗ, ತಗಡಿನ ಹಿಂದ ಇಟ್ರ ಸತ್ತಂಗ ಅದು. ನಡುಮನ್ಯಾಗ ಎತ್ತರಕ ಇಡಬೇಕು. ಗ್ವಾಡಿ ದಪ್ಪ ಇದ್ರ ಒಂದ ಡಬ್ಬಿ ಅಲ್ಲಿರಲಿ, ಉದ್ದನ್ನ ವೈರ್ ಎಳದು ಇನ್ನೊಂದನ್ನ ಮಾವನ ಖೋಲ್ಯಾಗ ಇಡ್ರಿ. ಇದನ್ನ ಅಂಗಡ್ಯಾಂವ ಹೇಳಲಿಲ್ಲೇನು?"

ಭಾವ ಪೇಟೆಗೆ ಹೋಗಿದ್ದ. ನಾನು ಹೊಸ್ತಿಲು ದಾಟಿ ಪಡಸಾಲೆಗೆ ಹೋದೆ. ಮೇಜಿನ ಮೇಲೆ ಫೋನೂ ಇಲ್ಲ, ಡಬ್ಬಿಗಳೂ ಇಲ್ಲ. ಹಳೆಯ ತಗಡಿನ ಪೆಟ್ಟಿಗೆ ಮಾತ್ರ ಇತ್ತು. ತೊಂಬತ್ತರ ದಶಕದಲ್ಲಿ ಫೋನು ಬಂದ ಹೊಸದರಲ್ಲಿ, ಓಣಿಯವರು ಬಂದು ಫೋನು ಮಾಡುತ್ತಾರೆಂದು ಟ್ರಂಕ್ ಮಾಡುವವನ ಹತ್ತಿರ ಮಾಡಿಸಿದ್ದು ಅದು. ಭಾವ ಹೊರಗೆ ಹೋಗುವಾಗಲೂ ಮಲಗುವಾಗಲೂ ಫೋನನ್ನು ಅದರಲ್ಲಿಟ್ಟು ಬೀಗ ಹಾಕುತ್ತಿದ್ದ. ಬೀಗದ ಕೈ ಅವನ ಉಡದಾರದಲ್ಲಿ. ಹಿಂದೆ ತಂತಿ ಹೊರಬರುವ ತೂತಿಗೆ ಕಣ್ಣಿಟ್ಟು ನೋಡಿದೆ. ಒಳಗೆ ಹಸಿರು ದೀಪಗಳು ಮಿಣಮಿಣ ಎನ್ನುತ್ತಿದ್ದವು. ಎರಡೂ ಡಬ್ಬಿ ತಗಡಿನೊಳಗೆ, ಬೀಗದೊಳಗೆ. ಅಂದರೆ ಅಂಗಡಿಯವನು ಬಂದಾಗಷ್ಟೇ ಭಾವ ಡಬ್ಬಿಗಳನ್ನು ಹೊರಗಿಡುತ್ತಿದ್ದ, ಅವನು ಹೋದೊಡನೆ ಒಳಗಿಟ್ಟು ಮುಚ್ಚುತ್ತಿದ್ದ.

ನಾನು ಅಲ್ಲಿಯೇ ನಿಂತೆ. ಭಾವ ಬಂದು ಚಪ್ಪಲಿ ಬಿಟ್ಟವನು ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

"ಇಲ್ಲೇನ ಮಾಡಾಕತ್ತಿ?"

"ಪೆಟ್ಟಿಗಿ ತೆರೀರಿ ಭಾವಾರ. ತಗಡಿನಾಗಿಂದ ಅದು ಬರಂಗಿಲ್ಲ."

"ತೆರದಿಟ್ರ ಓಣಿ ಮಂದಿ ಎಲ್ಲಾ ಹಿಡಕೋತಾರ. ಧರ್ಮಕ್ಕ ಹಂಚಾಕ ತಂದೇನೇನು?"

"ಅದಕ ಪಾಸ್‌ವರ್ಡ್ ಐತ್ರಿ."

"ಪಾಸ್‌ವರ್ಡ್ ಏನ ಬೀಗ ಅಲ್ಲ. ಕಣ್ಣಿಗೆ ಕಾಣಂಗಿಲ್ಲ, ಕೈಗೆ ಹತ್ತಂಗಿಲ್ಲ."

"ಹಿಂದಿನ ಖೋಲ್ಯಾಗ ಇರಾವ್ರು ಓಣಿ ಮಂದಿ ಅಲ್ರಿ. ನಿಮ್ಮ ತಮ್ಮ."

ನೆಗೆಣ್ಣಿ ಒಳಬಾಗಿಲಿಗೆ ಬಂದು ನಿಂತಳು. ಭಾವ ಅವಳ ಕಡೆ ನೋಡಿ, ನನಗೆ ಹೇಳಿದ: "ಭಾವನ ಎದುರಿಗೆ ನಿಂತ ಮಾತಾಡೂದು ಯಾವಾಗ ಕಲ್ತಿ?"

"ಅವರ ಗಂಟಲಾ ಹೋದ ದಿನಾನ ಕಲೀಬೇಕಾಗಿತ್ರಿ. ತಡಾ ಆತು."

ಅವನು ಪೆಟ್ಟಿಗೆ ತೆರೆದಿಡಲು ಒಪ್ಪಲೇ ಇಲ್ಲ. ವೈರು ಎಳೆಯುತ್ತೇನೆ ಎಂದರೆ, ದೇವರ ಕೋಣೆಯ ಗೋಡೆಗೆ ಒಂದು ಮೊಳೆ ಬಡಿದರೂ ಸರಿಯಿರುವುದಿಲ್ಲ ಎಂದ. ಕೊನೆಗೆ ನೆಗೆಣ್ಣಿಯೇ, "ತಗೀರಿ ಅತ್ಲಾಗ, ಸಾಯು ಮನಷ್ಯಾನ ಜೋಡಿ ಏನ ಹಟಾ," ಎಂದು ಬೀಗದ ಕೈ ಕೇಳಿ ಕೈಚಾಚಿದಳು. ಸಾಯುವ ಮನುಷ್ಯ ಎಂದು ಆ ಮನೆಯಲ್ಲಿ ಮೊದಲು ಅಂದವಳು ಅವಳು. ಅದಕ್ಕಾಗಿ ನನಗೆ ಅವಳ ಮೇಲೆ ಸಿಟ್ಟಿದೆ. ಆದರೆ ದೊಡ್ಡ ಡಬ್ಬಿಯನ್ನು ಹೊರತೆಗೆದು ನನ್ನ ಉಡಿಗೆ ಹಾಕಿದವಳೂ ಅವಳೇ.

ಗೋಡೆ ಮುಟ್ಟದೆ ವೈರು ಎಳೆಯುವ ದಾರಿ ಮನೆ ಕಟ್ಟಿದವರೇ ಬಿಟ್ಟಿದ್ದರು. ನಮ್ಮ ಮಣ್ಣಿನ ಮಾಳಿಗೆಗೆ ಪ್ರತಿ ಕೋಣೆಯ ಮೇಲೂ ಒಂದು ಬೆಳಕಿಂಡಿ ಇದೆ. ಬೆಳಕು ಬೀಳಲಿ, ಹೊಗೆ ಹೋಗಲಿ ಎಂದು ಮಾಡಿದ ಕಿಂಡಿ. ಅದೇ ಅಂಗಡಿಗೆ ನಾನೊಬ್ಬಳೇ ಹೋಗಿ ಉದ್ದನೆಯ ವೈರು ಕೇಳಿದೆ. "ಸಾವ್ಕಾರ್ರು ಬರಲಿಲ್ಲೇನ್ರಿ?" ಅಂದ. "ನಿಮ್ಮ ಡಬ್ಬಿ ಗ್ವಾಡಿ ಸೀಳತೈತಿ ಅಂದ್ರೆಲ್ಲಾ, ಗ್ವಾಡಿ ಹಂಗ ಅದಾವ್ರಿ. ವೈರ್ ಕೊಡ್ರಿ," ಎಂದೆ. ಅವನು ವೈರು ಅಳೆದು ಕತ್ತರಿಸಿದ. ತುದಿಗೆ ಪಿನ್ನು ಹಾಕಿ ಕೊಟ್ಟ.

ಪಡಸಾಲೆಯ ಬೆಳಕಿಂಡಿಯಿಂದ ವೈರನ್ನು ಮೇಲೆ ಎಳೆದುಕೊಂಡು, ಮಾಳಿಗೆಯ ಮೇಲೆ ಹಾಸಿ, ಹಿಂದಿನ ಕೋಣೆಯ ಬೆಳಕಿಂಡಿಯಿಂದ ಕೆಳಗೆ ಬಿಟ್ಟೆ. ಕೆಳಗೆ ಮಲಗಿದ್ದವರು ಕೈಯೆತ್ತಿ ಅದರ ತುದಿ ಹಿಡಿದರು. ನೆಗೆಣ್ಣಿ ಬೀಗ ತೆಗೆಸಿದಾಗ ಮುಂದಿನ ತುದಿ ತಗಡಿನ ಪೆಟ್ಟಿಗೆಯ ತೂತಿನಿಂದ ಒಳಗಿನ ಸಣ್ಣ ಡಬ್ಬಿಗೆ ಹೋಯಿತು, ಹಿಂದಿನ ತುದಿ ಅವರ ತಲೆಯ ಮೇಲಿನ ಹಲಗೆಯಲ್ಲಿಟ್ಟ ದೊಡ್ಡ ಡಬ್ಬಿಗೆ. ಅಳಿಯ ಫೋನಿನಲ್ಲಿ ಹೇಳಿದಂತೆ ಒತ್ತಬೇಕಾದದ್ದನ್ನು ಒತ್ತಿದೆ. ಗೆರೆಗಳೆಲ್ಲ ತುಂಬಿ ನಿಂತವು.

ದೀಪ ಹಚ್ಚುವ ಹೊತ್ತಿಗೆ ಮಗಳು ಪರದೆಯ ಮೇಲೆ ಬಂದಳು. ಕೂಸನ್ನು ಕ್ಯಾಮೆರಾದ ಹತ್ತಿರ ಹಿಡಿದಳು. ಇವರು ನಗುವುದು ನಮಗೆ ಕೇಳಿಸುವುದಿಲ್ಲ, ಭುಜ ಮಾತ್ರ ಅಲುಗುತ್ತದೆ. ಒಂದೊಂದೇ ಅಕ್ಷರ ಹುಡುಕಿ ಬರೆದರು: "ಮೂಗು ನಂದು." ಮಗಳು ಓದಿ, "ಅಯ್ಯ, ನಿನ್ನ ಮೂಗ ಬ್ಯಾಡಪಾ, ಹೆಣ್ಣಮಗಳೈತಿ," ಎಂದಳು. ಅವರ ಭುಜ ಮತ್ತೆ ಅಲುಗಿತು.

ಸದ್ದು ಕೇಳಿ ಭಾವ ಬಂದ. ತಮ್ಮ ಕಾಯಿಲೆ ಬಿದ್ದ ಮೇಲೆ ಅವನು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಕುತ್ತಿಗೆಯ ತೂತಿಗಿಟ್ಟ ನಳಿಗೆಯ ವಾಸನೆಗೆ ಹೇಸುತ್ತಿದ್ದ. "ಎಲ್ಲೈತಿ ಕೂಸು? ಈ ಕಡೆ ತಿರಗಸ," ಅಂದ. ಇವರು ತಿರುಗಿಸಿದರು. ಅವರು ಹಾಗೆಯೇ. ಭಾವ ಮುಂದೆ ಕುಳಿತು, ಅಲ್ಲಿಯ ಬಿಸಿಲು, ಅಲ್ಲಿಯ ತೊಗರಿ ಬೇಳೆ, ಅಳಿಯನ ಮಾಲಕ, ಹೆಸರಿಡುವ ಮಾತು ಎಲ್ಲವನ್ನೂ ದೊಡ್ಡ ಗಂಟಲಿನಲ್ಲಿ ಮಾತಾಡಿದ. ತಮ್ಮನ ಬೆರಳುಗಳು ಅಕ್ಷರಗಳ ಮೇಲೆ ಸುಮ್ಮನೆ ಇದ್ದವು. ಮಾತು ಮುಗಿಯುವ ಹೊತ್ತಿಗೆ ಕೂಸು ಅತ್ತಿತು, ಮಗಳು ಹೋದಳು.

ಮರುದಿನದಿಂದ ಆ ಹೊತ್ತಿಗೆ ನಾನು ಒಳಗಿನಿಂದ ಬಾಗಿಲಿಗೆ ಅಗಳಿ ಹಾಕತೊಡಗಿದೆ. ಅವನು ಬಡಿದ. ಇವರು ತೆಗೆ ಎಂದು ಕೈಸನ್ನೆ ಮಾಡಿದರು. ನಾನು ಏಳಲಿಲ್ಲ. ಇವರು ಮಗಳಿಗೆ, "ನಿಮ್ಮವ್ವ ಬಾಗಲಾ ತೆಗ್ಯಂಗಿಲ್ಲ," ಎಂದು ಬರೆದು, ಮತ್ತೆ ಕೂಸನ್ನು ನೋಡತೊಡಗಿದರು. ಉಳಿದ ಹೊತ್ತೆಲ್ಲ ಆ ಬಾಗಿಲು ತೆರೆದೇ ಇರುತ್ತಿತ್ತು. ಆಗ ಅವನು ಬರಲಿಲ್ಲ.

ಅಂಥ ಸಂಜೆಗಳು ಬಹಳ ಇರಲಿಲ್ಲ. ಒಂದು ಬೆಳಿಗ್ಗೆ ಅವರು ಏಳಲಿಲ್ಲ.

ವರ್ಷದ ಕಾರ್ಯಕ್ಕೆ ಬೀಗರೂ ಓಣಿಯವರೂ ಊಟಕ್ಕೆ ಕುಳಿತಾಗ ಭಾವ ಎಲ್ಲರ ಮುಂದೆ ಹೇಳಿದ: "ನನ್ನ ಸ್ವಂತ ತಮ್ಮನ ಖೋಲಿಗೆ ಅಗಳಿ ಹಾಕಿದ್ಲು ಈಕಿ. ನನ್ನ ಒಳಗ ಬಿಡಲಿಲ್ಲ."

ಬೀಗರು ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ಸಾರಿನ ಪಾತ್ರೆ ಇತ್ತು.

"ಹೌದ್ರಿ ಭಾವಾರ, ಬಿಡಲಿಲ್ಲ. ಅವರು ಮಗಳ ಜೋಡಿ ಮಾತಾಡಾಕತ್ತಿದ್ರು," ಎಂದು ಹೇಳಿ ಅವನಿಗೆ ಸಾರು ಬಡಿಸಿ, ಮುಂದಿನ ಎಲೆಗೆ ಹೋದೆ.